ಬಿಸಿಲು ಕೇಳುವ ಟೊಪ್ಪಿಗೆ

ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ರೇಡಿಯೋ ರಿಪೇರಿ ಮಾಡುವವನಿಗೆ ಇರಬಾರದ ಗುಣ ಅದು ಅಂತ ಇಚಲಕರಂಜಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಆದರೆ ಗಿರಾಕಿ ರೇಡಿಯೋದ ಮೇಲೆ ಚಹಾದ ಬಶಿ ಇಟ್ಟು, ಚಹಾ ಎಲ್ಲ ಒಳಗೆ ಚೆಲ್ಲಿ, ಆಮೇಲೆ ಅಂಗಡಿಗೆ ಹೊತ್ತು ತಂದು "ತಾನ ಬಂದ್ ಬಿತ್ತ್ರಿ ಗುರಣ್ಣ" ಅಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಬಂದ ಸಿಟ್ಟನ್ನು ನಾನು ಇಟ್ಟುಕೊಂಡವನಲ್ಲ, ಅಲ್ಲಲ್ಲೇ ತೀರಿಸಿದವನು. ಒಂದೇ ಒಂದು ಸಲ ಪೂರ್ತಿ ನುಂಗಬೇಕಾಯಿತು, ಅದೂ ನನ್ನ ತಮ್ಮ ಕಾಡಪ್ಪನ ಮಾತಿಗೆ. ಅದು ಇನ್ನೂ ಕೆಳಗೆ ಇಳಿದಿಲ್ಲ.

ನಮ್ಮದು ಗಡಹಿಂಗ್ಲಜ ಕಡೆಯ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ನಮ್ಮವ್ವ ಫಕೀರವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಈ ಮಗ್ಗದ ಊರಿಗೆ ಬಂದಳು. ನಾನು ಒಬ್ಬ ಮುಸಲ್ಮಾನ ಉಸ್ತಾದರ ಕೈಕೆಳಗೆ ರೇಡಿಯೋ ಬಿಚ್ಚುವುದನ್ನೂ ಕಟ್ಟುವುದನ್ನೂ ಕಲಿತೆ. ಕಾಡಪ್ಪ ಪಾವರ್‌ಲೂಮ್ ಶೆಡ್ಡಿಗೆ ಹೋದ. ಕೈ ಚುರುಕು, ಕಣ್ಣು ಅದಕ್ಕಿಂತ ಚುರುಕು. ನೇಯ್ಗೆಯಲ್ಲಿ ಒಂದು ಎಳೆ ಹರಿದರೆ ಮಗ್ಗ ನಾಲ್ಕು ಮಾರು ದೂರ ಇದ್ದಾಗಲೇ ಅವನಿಗೆ ಕಾಣುತ್ತಿತ್ತು. ಹಲಕರ್ಣಿಯಲ್ಲಿ ಹೆಣ್ಣು ಗೊತ್ತಾಗಿ, ಬರುವ ಬೇಸಿಗೆಗೆ ಮದುವೆ ಅಂತಲೂ ಮಾತಾಗಿತ್ತು.

ಚೀನಾ ಯುದ್ಧ ನಡೆದ ವರ್ಷ ಅದು. ಒಂದು ದಿನ ಮಗ್ಗದಲ್ಲಿ ನೂಲು ಹೊತ್ತು ಆಚೀಚೆ ಓಡುವ ಲಾಳಿ ತನ್ನ ಹಾದಿ ಬಿಟ್ಟು ಹಾರಿತು. ಲಾಳಿಯ ಎರಡೂ ತುದಿಗೆ ಕಬ್ಬಿಣದ ಚೂಪು ಮೊಳೆ ಇರುತ್ತದೆ. ಅದು ಬಂದು ಕಾಡಪ್ಪನ ಎಡಗಣ್ಣಿಗೆ ಬಡಿಯಿತು. ಒಂದು ಕಣ್ಣು ಹೋದರೆ ಹೋಗಲಿ, ಇನ್ನೊಂದು ಐತಲ್ಲ ಅಂತ ನಮಗೆ ನಾವೇ ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಬಲಗಣ್ಣೂ ಮಂಜಾಗತೊಡಗಿತು. ಮಿರಜಿಗೆ ಕರೆದೊಯ್ದೆ. ಒಂದಕ್ಕೆ ಪೆಟ್ಟಾದರೆ ಕೆಲವರಲ್ಲಿ ಇನ್ನೊಂದೂ ಅದರ ಹಿಂದೆಯೇ ಹೋಗುತ್ತದೆ, ಈಗ ಮಾಡುವಂಥದ್ದು ಏನೂ ಉಳಿದಿಲ್ಲ ಅಂದರು ಡಾಕ್ಟರು. ಜೋಡಿ ಎತ್ತಿನಲ್ಲಿ ಒಂದು ಸತ್ತರೆ ಇನ್ನೊಂದು ಮೇವು ಬಿಡುವ ಹಾಗೆ. ಹಲಕರ್ಣಿಯವರು ಒಂದು ಮಾತೂ ಹೇಳಿ ಕಳಿಸದೆ ಹುಡುಗಿಯನ್ನು ಬೇರೆ ಕಡೆ ಕೊಟ್ಟರು. ಅವರನ್ನು ಬೈದು ಏನು ಪ್ರಯೋಜನ? ಆದರೂ ಬೈದೆ.

ಕುರುಡುತನಕ್ಕಿಂತ ಕೆಟ್ಟದ್ದೊಂದು ಇತ್ತು. ಅದು ನಮಗೆ ತಡವಾಗಿ ತಿಳಿಯಿತು. ನಮ್ಮ ಮನೆ ಇದ್ದದ್ದು ಶೆಡ್ಡುಗಳ ಸಾಲಿನ ಬೆನ್ನಿಗೆ. ಅಲ್ಲಿ ಹಗಲಿಗೂ ರಾತ್ರಿಗೂ ಮಗ್ಗಗಳ ಖಟಖಟ ಒಂದೇ. ಕೋಳಿ ಕೂಗಿದ್ದು ಕೇಳುವುದಿಲ್ಲ, ಹಕ್ಕಿ ಕೇಳುವುದಿಲ್ಲ, ಮಂದಿ ಯಾವ ಹೊತ್ತಿಗಾದರೂ ಪಾಳಿ ಮುಗಿಸಿ ಬಂದು ಉಣ್ಣುತ್ತಾರೆ, ಮಲಗುತ್ತಾರೆ. ಕಣ್ಣಿಲ್ಲದವನಿಗೆ ಹೊತ್ತು ತಿಳಿಯುವ ಯಾವ ದಾರಿಯೂ ಅಲ್ಲಿರಲಿಲ್ಲ. ಮೊದಮೊದಲು ಕಾಡಪ್ಪ ಕೇಳುತ್ತಿದ್ದ, "ಯವ್ವಾ, ಹೊತ್ತ ಹೊಂಟೈತೇನ?" ಅಂತ. ನಡುರಾತ್ರಿ ಎದ್ದು ಹಲ್ಲುಜ್ಜುತ್ತಿದ್ದ, ನಡುಹಗಲಿಗೆ ಹಾಸಿಗೆ ಹುಡುಕುತ್ತಿದ್ದ. ಆಮೇಲೆ ಕೇಳುವುದನ್ನೇ ಬಿಟ್ಟ. ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟ. ರೊಟ್ಟಿ ಮುರಿದು ಕೈಗೆ ಕೊಟ್ಟರೆ ಅದು ಕೈಯಲ್ಲೇ ಒಣಗುತ್ತಿತ್ತು.

"ಅಣ್ಣಾ, ಕುರುಡಗ ಕತ್ತಲಿ ಕಾಣತೈತಿ ಅಂತಾರಲ್ಲ ಮಂದಿ," ಅಂದ ಒಂದು ಸಲ. "ಕತ್ತಲಿನೂ ಕಾಣವಲ್ದು ನನಗ. ಏನೂ ಇಲ್ಲ ಅಲ್ಲೆ. ಹಿಂಗ ಇದ್ದ ಏನ ಮಾಡಬೇಕ ನಾ?"

ಇಪ್ಪತ್ತೈದರ ಹುಡುಗ ನನ್ನ ಕಣ್ಣೆದುರಿಗೇ ಜೀವ ಬಿಡುವ ತಯಾರಿ ನಡೆಸಿದ್ದ. ನಾನು ಅಂಗಡಿಯಲ್ಲಿ ಕೂತು ಊರ ಮಂದಿಯ ರೇಡಿಯೋಗಳನ್ನು ಮಾತಾಡಿಸುತ್ತಿದ್ದೆ.

ಅಂಥದ್ದರಲ್ಲಿ ಜಯಸಿಂಗಪುರದ ತಂಬಾಕಿನ ವ್ಯಾಪಾರಿ ದಾದಾಸಾಹೇಬರು ಒಂದು ಟ್ರಾನ್ಸಿಸ್ಟರ್ ತಂದು ನನ್ನ ಮುಂದೆ ಇಟ್ಟರು. ಅವರ ಅಳಿಯ ಏಡನ್ನಿನಿಂದ ತಂದದ್ದಂತೆ. ಅಟ್ಟದಿಂದ ಬಿದ್ದು ನುಚ್ಚುನೂರಾಗಿತ್ತು. "ಹೆ ಕಾಯ್ ಹೋಣಾರ್ ನಾಹೀ," ಇದು ಇನ್ನು ಸರಿಹೋಗುವುದಿಲ್ಲ ಅಂತ ಮರಾಠಿಯಲ್ಲಿ ಅವರೇ ತೀರ್ಪು ಕೊಟ್ಟು, "ಬೇಕಾದ್ದ ಕಿತ್ತಕೊಂಡ ಉಳದದ್ದ ಒಗದ ಬಿಡ್ರಿ" ಅಂತ ಹೋದರು. ಬಿಚ್ಚಿ ನೋಡಿದೆ. ಅದರ ಹಿಡಿಕೆಯಲ್ಲಿ ಉಗುರಿನಷ್ಟಗಲದ ಕಪ್ಪು ಬಿಲ್ಲೆಗಳು ಒಂದರ ಪಕ್ಕ ಒಂದು ಕೂತಿದ್ದವು. ಕಪ್ಪೆಂದರೆ ಬರೇ ಕಪ್ಪಲ್ಲ, ಓರೆ ಮಾಡಿದರೆ ನೀಲಿ ಮಿಂಚುವ ಕಪ್ಪು. ಬಿಸಿಲಿಗೆ ಹಿಡಿದು ಮೀಟರು ಹಚ್ಚಿದೆ. ಮುಳ್ಳು ಸರಕ್ಕನೆ ಎದ್ದಿತು. ಕೈ ಅಡ್ಡ ಹಿಡಿದರೆ ಬಿದ್ದಿತು. ಕೈ ತೆಗೆದರೆ ಮತ್ತೆ ಎದ್ದಿತು. ಬ್ಯಾಟರಿ ಶೆಲ್ಲಿಲ್ಲ, ತಂತಿಯ ಕರೆಂಟಿಲ್ಲ, ಬರೀ ಬಿಸಿಲು. ಅಂಗಡಿ ಬಾಗಿಲು ಹಾಕಿ ಮರುದಿನವೇ ಕೊಲ್ಲಾಪುರಕ್ಕೆ ಹೋಗಿ, ಅಲ್ಲಿನ ವಾಚನಾಲಯದಲ್ಲಿ ಇಂಗ್ಲಿಷ್ ಮಾಸಿಕಗಳನ್ನು ಮಗುಚಿ ಹಾಕಿದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಚಿತ್ರಗಳು ಕೈ ಹಿಡಿದು ನಡೆಸಿದವು.

ಬಿಲ್ಲೆಗಳು ಮರಳಿನಿಂದ ತೆಗೆದು ಶುದ್ಧ ಮಾಡಿದ ಸಿಲಿಕಾನ್ ಎಂಬ ವಸ್ತುವಿನವು. ನೋಡಲು ಒಂದೇ ಬಿಲ್ಲೆ, ಒಳಗೆ ಎರಡು ಪದರ. ಕೆಳಗಿನದರಲ್ಲಿ ಒಂದು ಬೆರಕೆ, ಮೇಲಿನದರಲ್ಲಿ ಇನ್ನೊಂದು. ಮೇಲಿನ ಪದರ ಕೂದಲೆಳೆಗಿಂತಲೂ ಎಷ್ಟೋ ಪಾಲು ತೆಳ್ಳಗೆ. ಬೆಳಕು ಒಳಗೆ ಹೊಕ್ಕಾಗ ಅಲ್ಲಿ ಕೂತಿರುವ ಎಲೆಕ್ಟ್ರಾನುಗಳು ಜಾಗ ಬಿಟ್ಟು ಏಳುತ್ತವೆ. ಎದ್ದವನ್ನು ಎರಡು ಪದರಗಳ ನಡುವಿನ ಗಡಿ ಒಂದೇ ಕಡೆಗೆ ದಾಟಿಸುತ್ತದೆ, ತಿರುಗಿ ಬರಗೊಡುವುದಿಲ್ಲ. ಹಾಗೆ ದಾಟಿ ಗುಂಪಾದವು ತಮ್ಮ ಜಾಗಕ್ಕೆ ಮರಳಬೇಕಾದರೆ ಹೊರಗಿನ ತಂತಿಯಲ್ಲಿ ಸುತ್ತು ಹಾಕಿಯೇ ಬರಬೇಕು. ಆ ಸುತ್ತೇ ಕರೆಂಟು.

ಆಗ ನನಗೆ ಕಾಡಪ್ಪನ ನೆನಪಾಯಿತು. ಬೆಳಕು ಮೀಟರಿನ ಮುಳ್ಳನ್ನು ಎಬ್ಬಿಸುತ್ತದೆ ಅಂದರೆ, ಕಿವಿಯಲ್ಲಿ ದನಿಯನ್ನು ಯಾಕೆ ಎಬ್ಬಿಸಬಾರದು?

ಅದೇ ಟ್ರಾನ್ಸಿಸ್ಟರಿನ ಅಳಿದುಳಿದ ಭಾಗಗಳಿಂದ, ಕರೆಂಟು ಸಿಕ್ಕರೆ ಗುಂಯ್ ಅನ್ನುವ, ಕಡ್ಡಿಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬಿ ಕಟ್ಟಿದೆ. ಬಿಲ್ಲೆಗಳನ್ನು ಒಂದು ತಗಡಿಗೆ ಕೂರಿಸಿ, ತಗಡನ್ನು ಕಾಡಪ್ಪನ ಬಿಳೀ ಟೊಪ್ಪಿಗೆಯ ಮುಂದೆ ದಾರ ಹಾಕಿ ಕಟ್ಟಿದೆ. ಬಿಲ್ಲೆಗಳ ಮೇಲಿನ ಪ್ಲಾಸ್ಟಿಕ್ ಬಿದ್ದಾಗಲೇ ಒಡೆದಿತ್ತು. ಅದರ ಬದಲು ಹಳೆಯ ಎಕ್ಸ್‌ರೇ ಹಾಳೆಯೊಂದರ ಕಪ್ಪು ತೊಳೆದು, ನೀರಿನಂತೆ ತಿಳಿ ಮಾಡಿ ಮುಚ್ಚಿದೆ. ಡಬ್ಬಿ ಅಂಗಿಯ ಕಿಸೆಯಲ್ಲಿ, ಅಲ್ಲಿಂದ ಒಂದು ತಂತಿ ಕಿವಿಗೆ. ಬಿಸಿಲು ಹೆಚ್ಚಾದಷ್ಟೂ ದನಿ ಏರಬೇಕು, ನೆರಳಿಗೆ ಇಳಿಯಬೇಕು, ಕತ್ತಲೆಗೆ ಸುಮ್ಮನಾಗಬೇಕು. ಅಷ್ಟೇ ಅದರ ವಿದ್ಯೆ.

ಟೊಪ್ಪಿಗೆ ತಲೆಗಿಟ್ಟು ಅವನನ್ನು ರೆಟ್ಟೆ ಹಿಡಿದು ಹೊಸ್ತಿಲಿಗೆ ತಂದೆ. ಒಲ್ಲೆ ಒಲ್ಲೆ ಅನ್ನುತ್ತಲೇ ಬಂದ. ಹೊಸ್ತಿಲು ದಾಟಿದ್ದೇ ತಡ, ನಿಂತುಬಿಟ್ಟ. ಒಂದು ಹೆಜ್ಜೆ ಹಿಂದೆ ಇಟ್ಟ. ಮತ್ತೆ ಮುಂದೆ ಇಟ್ಟ. ತಲೆಯನ್ನು ಮೇಲೆತ್ತಿ ಆಚೆ ಈಚೆ ಹೊರಳಿಸಿ, ದನಿ ಎಲ್ಲಿ ಎಲ್ಲಕ್ಕಿಂತ ಏರುತ್ತದೋ ಅಲ್ಲಿ ಹಿಡಿದು, ಬೆರಳು ಮಾಡಿ ತೋರಿಸಿದ. ಸರಿಯಾಗಿ ಸೂರ್ಯನ ಕಡೆಗೆ.

"ಅಲ್ಲೆ ಅದಾನ," ಅಂದ. "ಯವ್ವಾ, ಅಲ್ಲೆ ಅದಾನ ನೋಡ!"

ಅವ್ವ ಬಾಗಿಲಿಗೆ ಕೂತು ಸೆರಗು ಬಾಯಿಗೆ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ಮುಚ್ಚಿಡುವುದೇನು ಅದರಲ್ಲಿ.

ಅದು ಹೇಗೆ ಅಂತ ತಿಳಿಯುವವರೆಗೂ ಅವನು ನನ್ನನ್ನು ಬಿಡಲಿಲ್ಲ. ಪದರ, ಗಡಿ, ಎಲೆಕ್ಟ್ರಾನು ಎಲ್ಲ ಹೇಳಿದೆ. ಕೇಳಿ ಅವನು ಅಂದ, "ನಮ್ಮ ಶೆಡ್ಡಿನ ಹಿಂದಿನ ಬಾಗಲಾ ಇದ್ದಂಗ ಅನ್ನು. ಒಳಗಿಂದ ದೂಡಿದ್ರ ತೆರೀತೈತಿ, ಹೊರಗಿಂದ ತೆರಿಯಂಗಿಲ್ಲ. ಬೀಡಿ ಸೇದಾಕ ಹೋದಾಂವ ಇಡೀ ಓಣಿ ಸುತ್ತಿ ಮುಂದಿನ ಬಾಗಲಕ್ಕ ಬರಬೇಕು."

"ಹೌದ. ಹಂಗ ಸುತ್ತಿ ಬರಾಂವನ ಕಡಿಂದ ದಾರ್ಯಾಗ ಒಂದ ಕೆಲಸಾ ಮಾಡಿಸಿಕೊಂಡ್ರ ಅದ ಕರೆಂಟು."

"ಬಿಸಿಲ ಇಲ್ಲಂದ್ರ?"

"ಬೀಡಿ ಸೇದಾಕ ಯಾರೂ ಏಳಂಗಿಲ್ಲ."

ನಕ್ಕ. ಕಣ್ಣು ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಮರುವರ್ಷದ ಮಳೆಗಾಲ ಹೇಗೋ ಕಳೆಯಿತು. ಮೋಡ ಬಂದದ್ದು, ಹರಿದದ್ದು ನಮಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಓಣಿಯಲ್ಲಿ ಎಲ್ಲಿ ಚಾವಣಿ ಚಾಚಿದೆ, ಎಲ್ಲಿ ಬೇವಿನ ಮರ, ಎಲ್ಲಿ ಎರಡು ಶೆಡ್ಡಿನ ನಡುವೆ ಬಿಸಿಲು ಸೀಳಿ ಬರುತ್ತದೆ ಎಲ್ಲವನ್ನೂ ಕಿವಿಯಿಂದಲೇ ಕಲಿತ. ಎದುರಿಗೆ ಯಾರಾದರೂ ಅಡ್ಡ ಬಂದರೆ ದನಿ ತುಸು ಕುಗ್ಗುತ್ತಿತ್ತು, ಇವನು ಬದಿಗೆ ಸರಿಯುತ್ತಿದ್ದ. ಕೋಲು ಹಿಡಿದು ಒಬ್ಬನೇ ಓಣಿಯ ಕೊನೆಯ ಶೆಡ್ಡಿಗೆ ಹೋಗತೊಡಗಿದ. ಅಲ್ಲಿ ಲಾಳಿಯೊಳಗೆ ಕೂರಿಸುವ ಕಾಂಡಿಗೆ ನೂಲು ಸುತ್ತುವ ಕೆಲಸ ಕೊಟ್ಟರು. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು. ಹೊತ್ತು ಇಳಿದು ದನಿ ಗೊಗ್ಗರಾದಾಗ ತಾನೇ ಎದ್ದು ಮನೆಗೆ ಬರುತ್ತಿದ್ದ. ಉಂಡು ರಾತ್ರಿಯೇ ಮಲಗುತ್ತಿದ್ದ. ಅವ್ವ ಬೆಳಿಗ್ಗೆ ಎದ್ದವಳೇ ಆ ಟೊಪ್ಪಿಗೆಗೆ ಕೈ ಮುಗಿಯುತ್ತಿದ್ದಳು. "ಏನಂತಾನಪಾ ಸೂರ್ಯಪ್ಪ ಇವತ್ತ?" ಅಂತ ಕೇಳುವುದು ಅವಳಿಗೆ ದೇವರ ನಾಮ ಇದ್ದ ಹಾಗೆ. ಅವನು ಹೇಳುವುದು, ಅವಳು ಆಕಾಶ ನೋಡಿ "ಖರೇ ಖರೇ" ಅನ್ನುವುದು. ನನಗಂತೂ ಇನ್ನು ಈ ಮನೆಗೆ ಕೆಟ್ಟದ್ದಾಗುವುದು ಏನೂ ಉಳಿದಿಲ್ಲ ಅನ್ನಿಸಿಬಿಟ್ಟಿತ್ತು. ಮನುಷ್ಯ ಎಷ್ಟು ಬೇಗ ಮೈಮರೆಯುತ್ತಾನೆ ನೋಡಿ.

ದಸರೆಯ ಖಂಡೇನವಮಿ ಬಂತು. ನಮ್ಮ ಊರಿನಲ್ಲಿ ಮಗ್ಗಗಳು ಬಾಯಿ ಮುಚ್ಚುವುದು ವರ್ಷಕ್ಕೆ ಅದೊಂದೇ ಹಬ್ಬಕ್ಕೆ. ಯಾವುದರಿಂದ ಅನ್ನವೋ ಅದಕ್ಕೆ ಪೂಜೆ. ಮಗ್ಗಕ್ಕೆ ಪೂಜೆ, ಕತ್ತರಿಗೆ ಪೂಜೆ, ನನ್ನ ಬೆಸುಗೆಯ ಕಾಸುವ ಕಡ್ಡಿಗೆ ಪೂಜೆ, ಅವ್ವನ ಕುಡಗೋಲಿಗೂ ಪೂಜೆ. ಪೂಜೆಯ ಮುನ್ನಾದಿನ ಎಲ್ಲವನ್ನೂ ತಿಕ್ಕಿ ತೊಳೆದು ಬೆಳಗಬೇಕು. ಕಿಲುಬು ಹಿಡಿದ ಆಯುಧವನ್ನು ಮಣೆಯ ಮೇಲೆ ಇಟ್ಟರೆ ಆ ಮನೆಯ ಹೆಂಗಸಿಗೆ ಮರ್ಯಾದೆ ಇಲ್ಲ.

ಆ ಮುನ್ನಾದಿನ ನಾನು ಅಂಗಡಿಯ ಸಾಮಾನು ತರಲು ಕೊಲ್ಲಾಪುರಕ್ಕೆ ಹೋಗಿ ಮಧ್ಯಾಹ್ನ ತಿರುಗಿ ಬಂದೆ. ಪಡಸಾಲೆಯಲ್ಲಿ ಮಣೆ ಹಾಕಿತ್ತು. ಮಣೆಯ ಮೇಲೆ ಎಲ್ಲ ಸಾಲಾಗಿತ್ತು. ನಡುವೆ, ದೊಡ್ಡ ದೇವರಿರುವ ಜಾಗದಲ್ಲಿ, ಕಾಡಪ್ಪನ ಟೊಪ್ಪಿಗೆ. ಒಗೆದು, ಕೆಂಡ ತುಂಬಿದ ತಂಬಿಗೆಯಿಂದ ತೀಡಿ, ಹಾಲಿನಂತೆ ಬೆಳ್ಳಗಾಗಿತ್ತು. ಅದರ ಮೇಲಿನ ತಗಡೂ ಬೆಳಗುತ್ತಿತ್ತು. ಕಪ್ಪು ಹೋಗಿ, ಬಿಲ್ಲೆಗಳು ಬಳಪದ ಹಲಗೆ ಒರೆಸಿದ ಹಾಗೆ ಬೂದಿ ಬಣ್ಣ ತಿರುಗಿದ್ದವು.

"ನೋಡಲಾ ಗುರ್ಯಾ," ಅವ್ವನ ಮುಖದಲ್ಲಿ ಹೆಮ್ಮೆ. "ಎಷ್ಟ ಕರ‍್ರಗಾಗಿತ್ತ ಅದು! ಮ್ಯಾಲಿನ ಹಾಳಿ ಬಿಚ್ಚಿ, ಹುಣಸಿಹಣ್ಣ, ಇಟ್ಟಂಗಿ ಪುಡಿ ಹಚ್ಚಿ ತಿಕ್ಕೀನಿ ತಿಕ್ಕೀನಿ, ರಟ್ಟಿ ಬಿದ್ದ ಹ್ವಾದೂ. ಮುಂಜಾಲಿಂದ ಅದೊಂದ ಕೆಲಸಾ. ಈಗ ನೋಡ, ಹೆಂಗ ಹೊಳಿಯಾಕತ್ತೈತಿ."

ಆ ಕಪ್ಪು ಕೊಳೆಯಲ್ಲ, ಅದೇ ಬೆಳಕು ಕುಡಿಯುವ ಬಾಯಿ. ಬಿಲ್ಲೆಯ ಜೀವವೆಲ್ಲ ಇದ್ದದ್ದು ಆ ಕೂದಲೆಳೆಗಿಂತ ತೆಳ್ಳನೆಯ ಮೇಲು ಪದರದಲ್ಲಿ. ಇಟ್ಟಿಗೆ ಪುಡಿ ಅದನ್ನು ಬುಡಸಮೇತ ಕೆರೆದು ಹಾಕಿತ್ತು. ಪದರ ಹೋದ ಮೇಲೆ ಗಡಿ ಎಲ್ಲಿಯದು, ಗಡಿ ಇಲ್ಲದ ಮೇಲೆ ಕರೆಂಟೆಲ್ಲಿಯದು? ಉಳಿದದ್ದು ಬರೀ ಮರಳಿನ ಚೂರು.

ನನ್ನ ತಲೆಗೆ ರಕ್ತ ಏರಿತು. ತಾಯಿ ಅನ್ನುವುದನ್ನೂ ನೋಡದೆ ಅಂದುಬಿಡುತ್ತಿದ್ದೆ, ಬಾಯಿ ತೆರೆದೇ ಬಿಟ್ಟಿದ್ದೆ. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಕಾಡಪ್ಪ ನನ್ನ ಉಸಿರಿನ ಸಪ್ಪಳ ಕೇಳಿಯೇ ಏನೋ, ಜೋರಾಗಿ ಹೇಳಿದ.

"ಅಣ್ಣಾ, ಅವ್ವ ಬೆಳಗಿದ ಮ್ಯಾಲೆ ಭಾಳ ಚಲೋ ಕೇಳಾಕತ್ತೈತಿ. ಆಗಳೇ ಹಾಕ್ಕೊಂಡ ಹೊರಗ ಹೋಗಿ ನೋಡೀನಿ. ಮೊದಲಿನಕಿಂತ ಚಲೋ."

ಅವ್ವ ನಕ್ಕು, ಹೂವು ತರುತ್ತೇನೆ ಅಂತ ಹೊರಗೆ ಹೋದಳು. ಅವಳ ಹೆಜ್ಜೆ ದೂರವಾಗುವವರೆಗೆ ಅವನು ಕಿವಿಗೊಟ್ಟು ಕೇಳಿದ. ಆ ದಿನ ಮಗ್ಗಗಳು ಸುಮ್ಮನಿದ್ದವು.

"ಸತ್ತೈತಿ ಅದು. ಹೌದಿಲ್ಲೋ?" ಅಂದ.

"ಹೌದು."

"ರಿಪೇರಿ?"

ನಾನು ಟೊಪ್ಪಿಗೆ ಎತ್ತಿ, ಬಿಲ್ಲೆಗಳ ಮೇಲೆ ಬೆರಳಾಡಿಸಿ, ಮತ್ತೆ ಮಣೆಯ ಮೇಲೆ ಇಟ್ಟೆ.

"ಅಕಿಗೆ ಹೇಳಬ್ಯಾಡ," ಅಂದ.

"ಯಾಕ ಹೇಳಬಾರದಲೇ? ಒಂದ ಮಾತ ನನ್ನ ಕೇಳಿದ್ದರ ಆಗತಿರಲಿಲ್ಲೇನ? ಎಲ್ಲಾದಕ್ಕೂ ಹುಣಸಿಹಣ್ಣ! ಕೈಗೆ ಬಂದ ತುತ್ತ ಬಾಯಿಗೆ ಬರದಂಗ ಮಾಡಿ ಕುಂತಾಳ!"

"ನನ್ನ ಕಣ್ಣ ಹ್ವಾದಾಗ ಅಕಿ ಹೆಂಗ ಅತ್ತಾಳಂತ ನೀ ಕೇಳಿಲ್ಲ. ನೀ ಅಂಗಡ್ಯಾಗ ಇರತಿದ್ದಿ, ನಾ ಮನ್ಯಾಗ ಕೇಳತಿದ್ದೆ. ಲಾಳಿಗೆ ಬೈದ ಬೈದ ಅಳತಿದ್ಲು. ಇದು ತನ್ನ ಕೈಲೆ ಹೋತಂತ ಗೊತ್ತಾದ್ರ ಯಾರಿಗೆ ಬೈತಾಳ? ಅಣ್ಣಾ, ನನ್ನ ಆಣಿ ಐತಿ."

ಆಣೆ ಹಾಕಿದ ಮೇಲೆ ಮುಗಿಯಿತಲ್ಲ. ನುಂಗಿದೆ. ಮರುದಿನ ಅವ್ವ ಆ ಸತ್ತ ಬಿಲ್ಲೆಗಳಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಚೆಂಡುಹೂ ಏರಿಸಿ, ಕಾಯಿ ಒಡೆದಳು. ಕಾಡಪ್ಪ ಅದಕ್ಕೆ ಅಡ್ಡಬಿದ್ದ. ನಾನೂ ಬಿದ್ದೆ.

ಆಮೇಲೆ ನಾನು ಸುಮ್ಮನೆ ಕೂತೆ ಅಂದುಕೊಳ್ಳಬೇಡಿ. ಬಿಲ್ಲೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ಮೀಟರು ಹಚ್ಚಿದೆ. ಮುಳ್ಳು ಅಲುಗಲಿಲ್ಲ. ಮುಂಬಯಿಯ ರೇಡಿಯೋ ಪೇಟೆಗೆ ಹೇಳಿ ಕಳಿಸಿದೆ. ಯುದ್ಧವಾದ ಮೇಲೆ ಹೊರಗಿನ ಮಾಲು ಬರುವುದೇ ನಿಂತಿದೆ, ಅದರಲ್ಲೂ ಇಂಥದ್ದನ್ನು ತಾವು ಕಂಡೇ ಇಲ್ಲ ಅಂದರು. ದಾದಾಸಾಹೇಬರ ಅಳಿಯ ಏಡನ್ ಬಿಟ್ಟು ಬಂದುಬಿಟ್ಟಿದ್ದ. ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ ಅದರ ಮೇಲೆ ಕೂರುವ ಪೊರೆಯಿಂದಲೂ ಇಂಥದೇ ಕೆಲಸ ಆಗುತ್ತದೆ ಅಂತ ಓದಿದ್ದೆ. ಅದನ್ನೂ ಮಾಡಿದೆ. ಮುಳ್ಳು ಕೂದಲಿನಷ್ಟು ಅಲುಗಿತು, ದನಿ ಹೊರಡಲಿಲ್ಲ. ಉಳಿದದ್ದು ನನ್ನ ಸಿಟ್ಟು. ಅದರಿಂದ ಯಾವ ಯಂತ್ರ ನಡೆಯುತ್ತದೆ?

ಕಾಡಪ್ಪ ದಿನಾ ಟೊಪ್ಪಿಗೆ ಹಾಕಿಕೊಂಡು, ತಂತಿ ಕಿವಿಗೆ ಸಿಗಿಸಿಕೊಂಡು ಕೆಲಸಕ್ಕೆ ಹೋಗುತ್ತಲೇ ಇದ್ದ. ಓಣಿಯ ತಿರುವು ದಾಟುವವರೆಗೆ ತಲೆ ಎತ್ತಿ, ಮೊದಲಿನಂತೆಯೇ. ಅಲ್ಲಿಂದ ಮುಂದೆ ಗೋಡೆ ತಡವಿಕೊಂಡು. ಒಂದು ದಿನ ಮೊಣಕಾಲು ಗಟಾರಿಗೆ ಬಡಿಸಿಕೊಂಡು ಬಂದ. ಅವ್ವ ಅರಿಸಿನ ಮೆತ್ತುತ್ತ ಕೇಳಿದರೆ "ಯಾಂವೋ ಸೈಕಲ್ ಹಾಯಿಸಿದ" ಅಂದ. ಇನ್ನೊಂದು ದಿನ ಶೆಡ್ಡಿನವರೇ ಕೈ ಹಿಡಿದು ತಂದು ಬಿಟ್ಟರು, ಪಾಳಿ ಮುಗಿದು ಎಷ್ಟೋ ಹೊತ್ತಾದರೂ ಅವನು ನೂಲು ಸುತ್ತುತ್ತ ಕೂತಿದ್ದನಂತೆ. ಮುಂಜಾನೆ ಅವ್ವ ಸೂರ್ಯಪ್ಪನ ಸುದ್ದಿ ಕೇಳಿದರೆ ಮಾತ್ರ ಏನಾದರೊಂದು ಹೇಳುತ್ತಿದ್ದ. ಮೈಗೆ ತಾಗುವ ಬೆಚ್ಚಗೆ ತಣ್ಣಗೆ ನೋಡಿ, ಹಾಲಿನವನ ಕೂಗು ಕೇಳಿ, ಅಂದಾಜಿನ ಮೇಲೆ. ಬಹಳ ಸಲ ಸರಿ ಬರುತ್ತಿತ್ತು. ನಾನು ಅಂಗಡಿಗೆ ಹೋಗುವ ನೆಪದಲ್ಲಿ ಎದ್ದು ಹೊರಡುತ್ತಿದ್ದೆ. ರಾತ್ರಿ ಅವನು ಎದ್ದು ಕೂತಿರುವುದು ಮತ್ತೆ ಶುರುವಾಗಿತ್ತು.

ದಸರೆ ಮುಗಿದ ಮೇಲೆ ಹಿಂಗಾರಿ ಮೋಡ ಕಟ್ಟಿತು. ಅಂದು ಮುಂಜಾನೆ ಆಕಾಶ ಪೂರಾ ಕಪ್ಪಿಟ್ಟಿತ್ತು, ಗಾಳಿ ಇರಲಿಲ್ಲ. ಅಂಗಳದಲ್ಲಿ ಸ್ನಾನದ ಹಂಡೆಯ ಒಲೆಯ ಎದುರಿಗೆ ಕಾಡಪ್ಪ ಟೊಪ್ಪಿಗೆ ಹಾಕಿಕೊಂಡು ಕೂತಿದ್ದ. ಅವ್ವ ಒಲೆಯ ಬಾಯಿಗೆ ಕಬ್ಬಿನ ರವದಿಯ ಗರಿ ತುರುಕುತ್ತಿದ್ದಳು. ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ. ಒಣ ರವದಿ ಭಗ್ಗನೆ ಹತ್ತಿತು. ಅದರ ಝಳ ಕಾಡಪ್ಪನ ಮುಖಕ್ಕೆ ಹೊಡೆಯಿತು.

"ಏನಂತಾನಪಾ ಸೂರ್ಯಪ್ಪ?" ಅವ್ವ ಒಲೆಯ ಕಡೆ ನೋಡುತ್ತಲೇ ಕೇಳಿದಳು.

ಅವನು ಟೊಪ್ಪಿಗೆಯನ್ನು ಆ ಝಳದ ಕಡೆಗೆ ಎತ್ತಿ ಹಿಡಿದ. "ಏರ‍್ಯಾನ ಬೇ! ಇವತ್ತ ಭಾಳ ಜೋರ ಅದಾನ. ಕಿವಿ ಗುಂಯ್ ಅನ್ನಾಕತ್ತೈತಿ ನೋಡ."

ಅವ್ವ ಅಭ್ಯಾಸದಂತೆ "ಖರೇ" ಅನ್ನಲು ತಲೆ ಎತ್ತಿದಳು. ಮೇಲೆ ನೋಡಿದಳು. ಆಮೇಲೆ ಒಲೆಯ ಉರಿ ನೋಡಿದಳು, ಉರಿಯ ಕಡೆ ಮುಖ ಮಾಡಿ ನಗುತ್ತಿದ್ದ ಮಗನನ್ನು ನೋಡಿದಳು. ಕೊನೆಗೆ ನನ್ನ ಕಡೆ ತಿರುಗಿದಳು. ಊರಿಗೆಲ್ಲ ಬಾಯಿ ಮಾಡುವ ನಾನು ತಲೆ ಕೆಳಗೆ ಹಾಕಿದೆ. ಅಷ್ಟು ಸಾಕಾಯಿತು. ಅವಳು ತನ್ನ ಎರಡೂ ಅಂಗೈಗಳನ್ನು ಎತ್ತಿ ಹಿಡಿದು, ಯಾರದೋ ಕೈಗಳೋ ಎಂಬಂತೆ ನೋಡಿಕೊಂಡಳು. ಅವಳು ಕೂಗಿ ಅತ್ತಿದ್ದರೆ ಚೆನ್ನಾಗಿರುತ್ತಿತ್ತು. ಅಳಲಿಲ್ಲ.

"ಖರೇ ಐತಪಾ," ಅಂದಳು. "ಚಲೋ ಬಿಸಿಲ ಬಿದ್ದೈತಿ." ಕೊನೆಯ ಮಾತಿಗೆ ಅವಳ ದನಿ ಒಡೆಯಿತು.

ಕಿವಿಯ ಮೇಲೆಯೇ ಬದುಕುವವನು ಅವನು. ನಗು ಹಾಗೇ ನಿಂತಿತು. ಮುಖ ಒಲೆಯಿಂದ ಅವಳ ಕಡೆಗೆ ನಿಧಾನವಾಗಿ ಹೊರಳಿತು. ಅಷ್ಟರಲ್ಲಿ ಮೊದಲ ಹನಿ ಅವನ ಕೈ ಮೇಲೆ ಬಿತ್ತು. ಇನ್ನೊಂದು ಟೊಪ್ಪಿಗೆಯ ತಗಡಿನ ಮೇಲೆ ಟಪ್ಪೆಂದಿತು. ಹಂಡೆಯ ಕೆಳಗೆ ಬೆಂಕಿ ಚುಂಯ್ ಅನ್ನತೊಡಗಿತು. ಯಾರೂ ಏಳಲಿಲ್ಲ. ಮಳೆ ಬಂತು ಅಂತ ಹೇಳುವ ಧೈರ್ಯ ಮೂವರಲ್ಲಿ ಒಬ್ಬರಿಗೂ ಇರಲಿಲ್ಲ.

ಮೊದಲು ಮಾತಾಡಿದವನು ಕಾಡಪ್ಪನೇ.

"ಯವ್ವಾ, ಒಳಗ ಕರಕೊಂಡ ನಡಿ," ಅಂತ ಕೈ ಚಾಚಿದ. ಕೈಯಿಂದ ನೀರು ಇಳಿಯುತ್ತಿತ್ತು. "ಬಿಸಿಲ ತಡಕೊಳ್ಳಾಕ ಆಗವಲ್ದು."

ಅವ್ವ ಎದ್ದು ಅವನ ಕೈ ಹಿಡಿದಳು. ಸೆರಗನ್ನು ಅವನ ತಲೆಯ ಮೇಲೆ ಎಳೆದು ಹಿಡಿದಳು.

"ಹೌದಪಾ," ಅಂದಳು. "ಭಾಳ ಬಿಸಿಲ ಐತಿ. ನಡಿ."

ಇಬ್ಬರೂ ತೊಯ್ಯುತ್ತಲೇ ಒಳಗೆ ಹೋದರು.